ಬೀದಿ ಒಂದೇ, ನಡೆಯುವವರು ಬೇರೆ ಬೇರೆ

ಹೋದ ಸಂಚಿಕೆಯಲ್ಲಿ ನಾನು ಒಂದು ಮಾತು ಬರೆದಿದ್ದೆ. ಊರಿನ ನಕ್ಷೆ ಬರೆಯುವವರು ಗೆರೆ ಎಳೆಯುವ ಮೊದಲು ಅಲ್ಲಿ ಯಾರ್ಯಾರು ಹೇಗೆ ಬದುಕುತ್ತಿದ್ದಾರೆ ಅಂತ ತಿಳಿದುಕೊಳ್ಳಬೇಕು ಎಂದು. ಅಷ್ಟಕ್ಕೇ ಇಷ್ಟು ಪತ್ರ ಬರುತ್ತವೆ ಎಂದುಕೊಂಡಿರಲಿಲ್ಲ. ಒಪ್ಪಿದವರಿದ್ದಾರೆ, ಸಿಟ್ಟಾದವರಿದ್ದಾರೆ, ತಮ್ಮ ಮನೆಯ ಕಷ್ಟ ಹೇಳಿಕೊಂಡವರಿದ್ದಾರೆ. 30 ವರ್ಷ ಬಡಾವಣೆ, ಪಾರ್ಕು, ರಸ್ತೆಗಳ ನಕ್ಷೆ ಮಾಡಿದವಳು ನಾನು. ಈ ಕೆಲಸದಲ್ಲಿ ತಪ್ಪಿದ್ದೇನೆ, ಕಲಿತಿದ್ದೇನೆ. ಈ ಸಲದ ಜಾಗವನ್ನೆಲ್ಲ ಈ ಪತ್ರಗಳಿಗೇ ಕೊಡುತ್ತೇನೆ.

ಪ್ರಶ್ನೆ: ನಾನು ನಿವೃತ್ತ ಎಂಜಿನಿಯರ್. ರಸ್ತೆಗೆ ಭಾಷೆ, ಪಂಗಡ, ಗಂಡು ಹೆಣ್ಣು ಅಂತ ಇಲ್ಲ. ಅಗಲ ಸರಿಯಾಗಿದ್ದು ನೀರು ಹರಿದು ಹೋದರೆ ಅದು ಒಳ್ಳೆಯ ರಸ್ತೆ. ಇದರಲ್ಲಿ ಸಮಾಜ, ಸಂಸ್ಕೃತಿ ಅಂತ ಯಾಕೆ ತರುತ್ತೀರಿ?

ಉತ್ತರ: ಸರ್, ನೀರು ಹರಿದು ಹೋಗಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ರಸ್ತೆ ಎಷ್ಟು ಅಗಲ, ಅದರಲ್ಲಿ ಫುಟ್‌ಪಾತ್‌ಗೆ ಎಷ್ಟು, ದೀಪದ ಕಂಬ ಎಲ್ಲಿ, ಬಸ್ಸು ಎಷ್ಟು ಹೊತ್ತಿಗೆ ಅಂತ ತೀರ್ಮಾನ ಮಾಡುವಾಗ ನಮ್ಮ ತಲೆಯಲ್ಲಿ ಒಬ್ಬ ಮನುಷ್ಯ ಇರುತ್ತಾನೆ. ಬೆಳಗ್ಗೆ ಕೆಲಸಕ್ಕೆ ಹೋಗಿ ಸಂಜೆ ಮನೆಗೆ ಬರುವವನು. ಅವನ ಕಂಕುಳಲ್ಲಿ ಮಗು ಇಲ್ಲ, ಮಂಡಿ ನೋವಿಲ್ಲ, ಫಲಕದ ಮೇಲಿನ ಅಕ್ಷರ ಓದಲು ಬರುತ್ತದೆ. ಅವನಿಗೆ ಸರಿಹೋದರೆ ಎಲ್ಲರಿಗೂ ಸರಿಹೋಯಿತು ಅಂದುಕೊಳ್ಳುತ್ತೇವೆ. ಈ ಮನುಷ್ಯ ನಕ್ಷೆಯಲ್ಲಿ ಎಲ್ಲೂ ಕಾಣುವುದಿಲ್ಲ. ಆದರೆ ಪ್ರತಿ ಗೆರೆಯೂ ಅವನನ್ನು ನೋಡಿಕೊಂಡೇ ಎಳೆದದ್ದು.

ಆಸ್ಟ್ರಿಯಾದ ವಿಯೆನ್ನಾ ನಗರ 1990ರ ದಶಕದಲ್ಲಿ ಇದನ್ನು ಗಂಭೀರವಾಗಿ ಕೆದಕಿ ನೋಡಿತು. ಏವಾ ಕೈಲ್ ಎಂಬ ಯೋಜಕಿ ಇದರಲ್ಲಿ ಮುಂದೆ ನಿಂತವರು. ಜನ ದಿನಕ್ಕೆ ಎಲ್ಲೆಲ್ಲಿಗೆ ಹೋಗುತ್ತಾರೆ ಅಂತ ಲೆಕ್ಕ ಹಾಕಿದಾಗ ಒಂದು ವಿಷಯ ಎದ್ದು ಕಂಡಿತು. ಗಂಡಸರ ಓಡಾಟ ಹೆಚ್ಚಾಗಿ ಮನೆಯಿಂದ ಕೆಲಸ, ಕೆಲಸದಿಂದ ಮನೆ. ಹೆಂಗಸರದ್ದು ಹಾಗಲ್ಲ. ಮಗುವನ್ನು ಶಾಲೆಗೆ ಬಿಟ್ಟು, ಅಲ್ಲಿಂದ ಕೆಲಸಕ್ಕೆ ಹೋಗಿ, ಬರುವಾಗ ಅಂಗಡಿ, ವಯಸ್ಸಾದ ಅಮ್ಮನ ಔಷಧಿ, ಮತ್ತೆ ಶಾಲೆ, ಆಮೇಲೆ ಮನೆ. ತುಂಡು ತುಂಡು ದಾರಿ, ಅದರಲ್ಲಿ ನಡಿಗೆಯೇ ಜಾಸ್ತಿ. ಹಾಗಾಗಿ ಅವರು ಫುಟ್‌ಪಾತ್ ಅಗಲ ಮಾಡಿದರು, ದೀಪ ಹೆಚ್ಚಿಸಿದರು, ಮೆಟ್ಟಿಲಿದ್ದ ಕಡೆ ಮಗುವಿನ ಗಾಡಿ ತಳ್ಳಿಕೊಂಡು ಹೋಗಲು ಇಳಿಜಾರು ಮಾಡಿದರು. ಇದೆಲ್ಲ ನಿಮ್ಮ ಎಂಜಿನಿಯರಿಂಗೇ ಸರ್. ಲೆಕ್ಕಕ್ಕೆ ತೆಗೆದುಕೊಂಡ ಜನ ಮಾತ್ರ ಬೇರೆ.

ಅದೇ ನಗರದ ಪಾರ್ಕುಗಳಲ್ಲಿ ಇನ್ನೊಂದು ಗಮನಕ್ಕೆ ಬಂತು. ಒಂಬತ್ತು ವರ್ಷ ದಾಟಿದ ಹೆಣ್ಣುಮಕ್ಕಳು ಪಾರ್ಕಿಗೆ ಬರುವುದನ್ನೇ ನಿಲ್ಲಿಸುತ್ತಿದ್ದರು. ಹುಡುಗರು ಬರುತ್ತಲೇ ಇದ್ದರು. ಇದ್ದದ್ದು ಒಂದೇ ದೊಡ್ಡ ಬಯಲು, ಅದನ್ನು ಚೆಂಡಾಡುವ ಹುಡುಗರು ಹಿಡಿದುಕೊಂಡರೆ ಉಳಿದವರಿಗೆ ಜಾಗವಿಲ್ಲ. 1999ರಲ್ಲಿ ಐದನೇ ಜಿಲ್ಲೆಯ ಎರಡು ಪಾರ್ಕುಗಳನ್ನು ಬದಲಾಯಿಸಿದರು. ಬಯಲನ್ನು ಗಿಡಗಳಿಂದ ಚಿಕ್ಕ ಚಿಕ್ಕ ಜಾಗಗಳಾಗಿ ಬಿಡಿಸಿದರು, ವಾಲಿಬಾಲ್, ಬ್ಯಾಡ್ಮಿಂಟನ್ ಅಂಕಣ ಸೇರಿಸಿದರು, ಒಳಗೆ ಬರಲು ಕಾಲುದಾರಿ ಹೆಚ್ಚಿಸಿದರು. ಹೆಣ್ಣುಮಕ್ಕಳು ವಾಪಸ್ ಬಂದರು. ಹುಡುಗರನ್ನು ಯಾರೂ ಓಡಿಸಲಿಲ್ಲ.

ನನ್ನದೇ ಒಂದು ಉದಾಹರಣೆ ಹೇಳುತ್ತೇನೆ. ಕೆಲಸದ ಮೊದಲ ವರ್ಷಗಳಲ್ಲಿ ನಾನು ಒಂದು ಪಾರ್ಕಿನ ನಕ್ಷೆ ಮಾಡಿದ್ದೆ. ಮಧ್ಯೆ ಕಾರಂಜಿ, ಸುತ್ತ ದಾರಿ, ದಾರಿಯ ಅಂಚಿಗೆ ನಾಲ್ಕು ಕಲ್ಲುಬೆಂಚು, ನಾಲ್ಕೂ ಕಾರಂಜಿ ಕಡೆ ಮುಖ. ಕಾಗದದ ಮೇಲೆ ತುಂಬಾ ಚೆನ್ನಾಗಿತ್ತು. ಆರು ತಿಂಗಳ ಮೇಲೆ ಒಂದು ಸಂಜೆ ಹೋಗಿ ನೋಡಿದೆ. ಬೆಂಚುಗಳ ಮೇಲೆ ಗಂಡಸರು. ಹೆಂಗಸರು ಹಿಂದುಗಡೆ ಪಂಪ್ ಹೌಸಿನ ಮೆಟ್ಟಿಲ ಮೇಲೆ ಒತ್ತೊತ್ತಾಗಿ ಕೂತಿದ್ದರು. ಬೆಂಚಿನ ಮೇಲೆ ಕೂತರೆ ದಾರಿಯಲ್ಲಿ ಸುತ್ತು ಹೊಡೆಯುವವರೆಲ್ಲ ಎದುರಿಗೇ ನೋಡಿಕೊಂಡು ಹೋಗುತ್ತಿದ್ದರು. ಸಾಲಾಗಿ ಕೂತರೆ ಒಬ್ಬರ ಮುಖ ಒಬ್ಬರಿಗೆ ಕಾಣುತ್ತಿರಲಿಲ್ಲ. ಅವರಿಗೆ ಬೇಕಿದ್ದದ್ದು ಮಾತಾಡುವ ಜಾಗ. ಎರಡು ಬೆಂಚು ಎತ್ತಿಸಿ, ದಾರಿಯಿಂದ ಒಳಗೆ ಮರದ ಕೆಳಗೆ ಎದುರುಬದುರು ಹಾಕಿಸಿದೆ. ಅಷ್ಟೇ. ಮೆಟ್ಟಿಲು ಖಾಲಿಯಾಯಿತು. ನಾನು ನಕ್ಷೆ ಮಾಡುವ ಮೊದಲು ಒಂದು ಸಂಜೆ ಅಲ್ಲಿ ಕೂತಿದ್ದರೆ ಅವರು ಆರು ತಿಂಗಳು ಮೆಟ್ಟಿಲ ಮೇಲೆ ಕೂರಬೇಕಾಗಿರಲಿಲ್ಲ.

ಪ್ರಶ್ನೆ: ಅತ್ತೆ, ಮಾವ, ನಾವಿಬ್ಬರು, ನಮ್ಮ ಮಕ್ಕಳು, ತೀರಿಹೋದ ಮೈದುನನ ಮಕ್ಕಳು ಎಲ್ಲ ಸೇರಿ ಮನೆಯಲ್ಲಿ ಒಂಬತ್ತು ಜನ ಇದ್ದೇವೆ. ನೋಡಿದ ಫ್ಲ್ಯಾಟ್ ಎಲ್ಲವೂ ನಾಲ್ಕು ಜನಕ್ಕೆ ಅಳೆದು ಮಾಡಿದ ಹಾಗಿವೆ. ನಮ್ಮಂಥವರು ಯಾರ ಲೆಕ್ಕದಲ್ಲೂ ಇಲ್ವಾ ಮೇಡಂ?

ಉತ್ತರ: ನಿಮ್ಮ ಪತ್ರ ಓದಿ ನನಗೆ ಒಬ್ಬ ಅಜ್ಜಿ ನೆನಪಾದರು. ಅಮೆರಿಕದ ಓಹಾಯೋ ರಾಜ್ಯದ ಈಸ್ಟ್ ಕ್ಲೀವ್‌ಲ್ಯಾಂಡ್‌ನಲ್ಲಿದ್ದ ಇನೆಜ್ ಮೂರ್. ಅವರ ಮನೆಯಲ್ಲಿ ಒಬ್ಬ ಮಗ, ಆ ಮಗನ ಹುಡುಗ, ಜೊತೆಗೆ ಇನ್ನೊಬ್ಬ ಮಗನ ಹುಡುಗ. ಈ ಎರಡನೇ ಮೊಮ್ಮಗ ಕೂಸಾಗಿದ್ದಾಗಲೇ ತಾಯಿ ತೀರಿಕೊಂಡಿದ್ದರು, ಅದಕ್ಕೇ ಅಜ್ಜಿಯ ಹತ್ತಿರ ಬಂದಿದ್ದ. ಆ ಊರಿನ ವಸತಿ ನಿಯಮದಲ್ಲಿ ಕುಟುಂಬ ಅಂದರೆ ಯಾರು ಅಂತ ಬರೆದಿತ್ತು. ಒಬ್ಬ ಮಗನ ಮಕ್ಕಳು ಇರಬಹುದು, ಇಬ್ಬರು ಮಕ್ಕಳ ಮಕ್ಕಳು ಒಟ್ಟಿಗೆ ಇರುವಂತಿಲ್ಲ! ದೊಡ್ಡಪ್ಪ ಚಿಕ್ಕಪ್ಪನ ಮಕ್ಕಳಾದ ಆ ಹುಡುಗರು ಒಂದು ಮನೆಯಲ್ಲಿ ಇರುವುದು ತಪ್ಪು ಅಂತ 1973ರಲ್ಲಿ ನೋಟಿಸ್ ಬಂತು. ಅಜ್ಜಿ ಮೊಮ್ಮಗನನ್ನು ಹೊರಗೆ ಕಳಿಸಲಿಲ್ಲ. ಅವರಿಗೆ 5 ದಿನ ಜೈಲು, 25 ಡಾಲರ್ ದಂಡ ಎಂದು ತೀರ್ಪಾಯಿತು. ಅವರು ಬಿಡದೆ ಸುಪ್ರೀಂ ಕೋರ್ಟ್‌ವರೆಗೂ ಹೋದರು. 1977ರಲ್ಲಿ ಗೆದ್ದರು, ಐದು ಜನ ನ್ಯಾಯಾಧೀಶರು ಅವರ ಕಡೆ, ನಾಲ್ವರು ವಿರುದ್ಧ. ಇನ್ನೊಂದು ಮತ ಆಚೆ ಹೋಗಿದ್ದರೆ ಆ ಅಜ್ಜಿ ಸೋಲುತ್ತಿದ್ದರು.

ಈ ಕಥೆಯನ್ನು ನಾನು ಹೊಸದಾಗಿ ಈ ಕೆಲಸಕ್ಕೆ ಬರುವವರಿಗೆಲ್ಲ ಹೇಳುತ್ತೇನೆ. ನಿಯಮ ಬರೆದವರಿಗೆ ಆ ಅಜ್ಜಿಯ ಮೇಲೆ ದ್ವೇಷವೇ ಇತ್ತು ಅಂತ ಹೇಳಬೇಕಾಗಿಲ್ಲ. ಮನೆ ಕಿಕ್ಕಿರಿಯಬಾರದು, ರಸ್ತೆಯಲ್ಲಿ ವಾಹನ ಜಾಸ್ತಿ ಆಗಬಾರದು ಅನ್ನುವುದೇ ಆ ನಗರಾಡಳಿತ ಕೊಟ್ಟ ಕಾರಣ. ಆದರೆ ಕುಟುಂಬ ಅಂದಕೂಡಲೇ ಅವರ ಕಣ್ಣಿಗೆ ಒಂದೇ ಚಿತ್ರ ಬಂತು. ಕಷ್ಟ ಬಂದಾಗ ಅಜ್ಜಿಯ ಮನೆಗೆ ಬಂದು ಸೇರುವ ಮಕ್ಕಳು ಆ ಚಿತ್ರದಲ್ಲಿ ಇರಲಿಲ್ಲ.

ನಿಮ್ಮ ಪ್ರಶ್ನೆಗೆ ನೇರ ಉತ್ತರ: ಹೌದು, ಎಷ್ಟೋ ಕಡೆ ನಿಮ್ಮನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಮಾಡುವುದು ಕಷ್ಟವೇನೂ ಅಲ್ಲ. ಒಂದು ಕೋಣೆ ದೊಡ್ಡದು, ಉಳಿದವು ಪುಟ್ಟವು ಅಂತ ಮಾಡುವ ಬದಲು ಎಲ್ಲ ಕೋಣೆಗಳನ್ನೂ ಹೆಚ್ಚುಕಡಿಮೆ ಒಂದೇ ಅಳತೆಗೆ ಮಾಡಿದರೆ, ಯಾರು ಯಾವುದರಲ್ಲಿ ಇರಬೇಕು ಅಂತ ಮನೆಯವರೇ ತೀರ್ಮಾನ ಮಾಡಿಕೊಳ್ಳುತ್ತಾರೆ. ಪಕ್ಕಪಕ್ಕದ ಎರಡು ಮನೆಗಳ ನಡುವಿನ ಗೋಡೆಯಲ್ಲಿ ಮುಂದೆ ಬಾಗಿಲು ಒಡೆಯುವುದಕ್ಕೆ ಮೊದಲೇ ಜಾಗ ಬಿಟ್ಟಿದ್ದರೆ ಎರಡು ಸೇರಿಸಿ ಒಂದು ಮಾಡಬಹುದು. ಕಟ್ಟುವ ಮೊದಲೇ ಕೇಳಿ. ಕಟ್ಟಿದ ಮೇಲೆ ಗೋಡೆ ಒಡೆಯುವುದು ಕಷ್ಟ.

ಪ್ರಶ್ನೆ: ಹಳೇ ಕೇರಿಯ ಜನಕ್ಕೆ ಊರಾಚೆ ಒಳ್ಳೆಯ ಕಟ್ಟಡ ಕಟ್ಟಿಸಿಕೊಟ್ಟರೂ ಮನೆಗೆ ಬೀಗ ಹಾಕಿ ವಾಪಸ್ ಹೋಗುತ್ತಾರೆ. ಕೊಟ್ಟದ್ದರ ಬೆಲೆ ಅವರಿಗೆ ಗೊತ್ತಿಲ್ಲ ಅಂತ ನನಗೆ ಅನ್ನಿಸುತ್ತದೆ. ನೀವು ಏನಂತೀರಿ?

ಉತ್ತರ: ಅವರಿಗೆ ಕೊಟ್ಟದ್ದರ ಬೆಲೆಯೂ ಗೊತ್ತು, ಕಳೆದುಕೊಂಡದ್ದರ ಬೆಲೆಯೂ ಗೊತ್ತು. ನಮಗೆ ಮೊದಲನೆಯದು ಮಾತ್ರ ಕಾಣುತ್ತದೆ. ದಯವಿಟ್ಟು ಅವರನ್ನು ಉಪಕಾರ ತಿಳಿಯದವರು ಅನ್ನಬೇಡಿ.

ಬಾಸ್ಟನ್ ನಗರದಲ್ಲಿ ವೆಸ್ಟ್ ಎಂಡ್ ಎಂಬ ಹಳೇ ಕೇರಿ ಇತ್ತು. ಅಲ್ಲಿದ್ದವರಲ್ಲಿ ಇಟಲಿಯಿಂದ ಬಂದ ಮನೆತನಗಳ ಕೂಲಿ ಕಾರ್ಮಿಕರು ಜಾಸ್ತಿ. ಅಧಿಕಾರಿಗಳ ಕಣ್ಣಿಗೆ ಅದು ಕೊಳೆಗೇರಿ. ಗಲ್ಲಿಯಲ್ಲಿ ಕಸ, ಖಾಲಿ ಬಿದ್ದ ಮನೆಗಳು, ಹಳೇ ಗೋಡೆ. 1958ರಿಂದ ಶುರುಮಾಡಿ ಒಂದೆರಡು ವರ್ಷದಲ್ಲಿ ಎಲ್ಲವನ್ನೂ ಕೆಡವಿದರು. ಕೆಡವುವ ಸ್ವಲ್ಪ ಮೊದಲು ಹರ್ಬರ್ಟ್ ಗ್ಯಾನ್ಸ್ ಎಂಬ ಸಮಾಜಶಾಸ್ತ್ರಜ್ಞರು ಅಲ್ಲಿಯೇ ಬಾಡಿಗೆಗೆ ಮನೆ ಮಾಡಿ ಕೆಲವು ತಿಂಗಳು ಇದ್ದರು. ಒಳಗಿಂದ ನೋಡಿದಾಗ ಅವರಿಗೆ ಕಂಡದ್ದೇ ಬೇರೆ. ಅಣ್ಣತಮ್ಮಂದಿರು, ಅಕ್ಕತಂಗಿಯರು, ಸೋದರತ್ತೆ ಮಕ್ಕಳು ಎಲ್ಲ ಕೂಗಿದರೆ ಕೇಳಿಸುವಷ್ಟು ಹತ್ತಿರ. ಸಂಜೆಯಾದರೆ ಒಬ್ಬರ ಮನೆಯಲ್ಲಿ ಇನ್ನೊಬ್ಬರು. ಬೀದಿಯೂ ಮನೆಯ ಇನ್ನೊಂದು ಕೋಣೆ. ಹೊರಗಿನ ಗೋಡೆ ಹಳೆಯದಾದರೂ ಒಳಗೆ ಮನೆ ಅಚ್ಚುಕಟ್ಟು. ಆ ಕೇರಿಯನ್ನು ಕೊಳೆಗೇರಿ ಅಂದದ್ದೇ ತಪ್ಪು ಅಂತ ಅವರು ಬರೆದರು, ಆದರೆ ಅವರ ಪುಸ್ತಕ 1962ರಲ್ಲಿ ಬಂದಾಗ ಅಲ್ಲಿ ಕೇರಿ ಇರಲಿಲ್ಲ.

ಆಮೇಲೆ ಮನಶ್ಶಾಸ್ತ್ರಜ್ಞ ಮಾರ್ಕ್ ಫ್ರೈಡ್ ಅಲ್ಲಿಂದ ಎದ್ದು ಹೋದವರನ್ನು ಹುಡುಕಿ ಮಾತಾಡಿಸಿದರು. ಎಷ್ಟೋ ಜನರ ಸಂಕಟ ಹತ್ತಿರದವರು ಸತ್ತಾಗ ಆಗುವ ದುಃಖದ ಹಾಗೇ ಇತ್ತು ಎಂದು 1963ರಲ್ಲಿ ಬರೆದರು. ಲಂಡನ್ನಿನ ಬೆತ್ನಲ್ ಗ್ರೀನ್‌ನಲ್ಲೂ ಇದೇ ಕಥೆ. ಮೈಕಲ್ ಯಂಗ್, ಪೀಟರ್ ವಿಲ್ಮಾಟ್ ಇಬ್ಬರೂ 1957ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮುಖ್ಯವಾಗಿ ಕಾಣುವುದು ತಾಯಿ ಮಗಳ ನಂಟು. ಹಳೇ ಕೇರಿಯಲ್ಲಿ ಮದುವೆಯಾದ ಮಗಳು ಅಮ್ಮನ ಮನೆಗೆ ಹೋಗಿ ಬರುತ್ತಲೇ ಇರುತ್ತಿದ್ದಳು. ಮಗುವನ್ನು ಅಮ್ಮ ನೋಡಿಕೊಳ್ಳುತ್ತಿದ್ದರು. ಊರಾಚೆಯ ಹೊಸ ಬಡಾವಣೆಗೆ ಹೋದ ಮೇಲೆ ಮನೆ ದೊಡ್ಡದಾಯಿತು, ಸ್ನಾನದ ಕೋಣೆ ಬಂತು, ತೋಟ ಬಂತು. ಆದರೆ ಮಗುವಿಗೆ ಜ್ವರ ಬಂದರೆ ಬಾಗಿಲು ತಟ್ಟಲು ಅಮ್ಮನ ಮನೆ ಪಕ್ಕದಲ್ಲಿಲ್ಲ.

ನಿಮ್ಮ ಪತ್ರದಲ್ಲಿರುವ ಜನ ಯಾಕೆ ವಾಪಸ್ ಹೋದರು ಅಂತ ಒಬ್ಬೊಬ್ಬರನ್ನೇ ಕೇಳಿ. ಒಬ್ಬರಿಗೆ ಕೆಲಸ ದೂರವಾಗಿರುತ್ತದೆ. ಇನ್ನೊಬ್ಬರಿಗೆ ನಾಲ್ಕನೇ ಮಹಡಿಯಲ್ಲಿ ಹೊಲಿಗೆ ಮೆಷಿನ್ ಇಟ್ಟರೆ ಗಿರಾಕಿ ಹತ್ತಿ ಬರುವುದಿಲ್ಲ. ಮತ್ತೊಬ್ಬರಿಗೆ ಸಾಲ ಕೊಡುತ್ತಿದ್ದ ಪರಿಚಯದವರು ಇಲ್ಲ. ಅವರನ್ನು ಸಾಗಿಸುವಾಗ ಪಕ್ಕದ ಮನೆಯವರನ್ನು ಪಕ್ಕದಲ್ಲೇ ಇಟ್ಟರಾ, ಇಲ್ಲಾ ಚೀಟಿ ಎತ್ತಿ ಮನೆ ಹಂಚಿದರಾ? ಇದು ಬಹಳ ಮುಖ್ಯ. ಚೀಟಿ ಎತ್ತಿದರೆ ಮೋಸ ಆಗುವುದಿಲ್ಲ, ನಿಜ. ಆದರೆ 20 ವರ್ಷದ ನೆರೆಹೊರೆ ಒಂದೇ ಮಧ್ಯಾಹ್ನದಲ್ಲಿ ಚೆಲ್ಲಾಪಿಲ್ಲಿಯಾಗುತ್ತದೆ. ನಾಲ್ಕೈದು ಮನೆಯವರು ಸೇರಿ ಒಂದೇ ಚೀಟಿ ಹಾಕುವ ಅವಕಾಶ ಕೊಟ್ಟರೆ ಎರಡೂ ಉಳಿಯುತ್ತವೆ.

ಪ್ರಶ್ನೆ: ಎಲ್ಲರ ಮಾತೂ ಕೇಳುತ್ತಾ ಕೂತರೆ ಒಂದು ಮನೆಯಾದರೂ ಕಟ್ಟಲು ಆಗುತ್ತದಾ?

ಉತ್ತರ: ಆಗುತ್ತದೆ. ಚಿಲಿ ದೇಶದ ಇಕಿಕೆ ಪಟ್ಟಣದ ಮಧ್ಯೆ ಸುಮಾರು 100 ಕುಟುಂಬಗಳು 30 ವರ್ಷದಿಂದ ಹಕ್ಕುಪತ್ರವಿಲ್ಲದೆ ಇದ್ದವು. ಅವರನ್ನು ಊರಾಚೆ ಕಳಿಸದೆ ಅದೇ ಜಾಗದಲ್ಲಿ ಮನೆ ಮಾಡಬೇಕಿತ್ತು. ದುಡ್ಡು ಕಡಿಮೆ. ವಾಸ್ತುಶಿಲ್ಪಿ ಅಲೆಹಾಂಡ್ರೊ ಅರವೇನಾ ಅವರ ತಂಡ ಜನರ ಜೊತೆ ಕೂತು ಮಾತಾಡಿ, ಇಡೀ ಮನೆಯ ಬದಲು ಅರ್ಧ ಮನೆ ಕಟ್ಟಿತು. ಅಡುಗೆಮನೆ, ಬಚ್ಚಲು, ಮೆಟ್ಟಿಲು, ಗಟ್ಟಿ ಗೋಡೆಗಳನ್ನು, ಅಂದರೆ ಸ್ವಂತ ಕೈಯಲ್ಲಿ ಕಟ್ಟಿಕೊಳ್ಳಲು ಕಷ್ಟವಾದ ಭಾಗವನ್ನು ಮಾಡಿಕೊಟ್ಟರು. ಪಕ್ಕದಲ್ಲಿ ಅಷ್ಟೇ ಜಾಗ ಖಾಲಿ. 2004ರ ಹೊತ್ತಿಗೆ ಜನ ಸೇರಿಕೊಂಡರು, ಉಳಿದ ಅರ್ಧವನ್ನು ಅವರವರ ಮನೆಗೆ ಬೇಕಾದ ಹಾಗೆ ತುಂಬಿಸಿಕೊಂಡರು. ಈಗ ಒಂದು ಮನೆಯ ಹಾಗೆ ಇನ್ನೊಂದಿಲ್ಲ. ಜನರನ್ನು ಕೇಳದೆ ಕಟ್ಟಿ, ಆಮೇಲೆ ಖಾಲಿ ಬಿಡುವ ಮನೆಗಳಿಗೆ ಆಗುವ ಖರ್ಚನ್ನೂ ಒಂದು ಸಲ ಲೆಕ್ಕ ಹಾಕಿ.

ಪ್ರಶ್ನೆ: ಬೇರೆ ಬೇರೆ ಭಾಷೆ, ಧರ್ಮದವರನ್ನು ಒಂದೇ ಕಟ್ಟಡದಲ್ಲಿ ಬೆರೆಸಬೇಕಾ, ಅಥವಾ ತಮ್ಮ ತಮ್ಮವರ ಜೊತೆ ಇರಲು ಬಿಡಬೇಕಾ? ನನ್ನ ಸ್ನೇಹಿತರಲ್ಲಿ ಈ ವಾದ ಮುಗಿಯುವುದೇ ಇಲ್ಲ.

ಉತ್ತರ: ನನ್ನೊಳಗೂ ಮುಗಿದಿಲ್ಲ. ಎರಡನ್ನೂ ಮಾಡಿ ನೋಡಿದ ಊರು ಒಂದಿದೆ, ಸಿಂಗಾಪುರ. ಬ್ರಿಟಿಷರ ಕಾಲದಲ್ಲಿ, 1822ರ ಯೋಜನೆಯಲ್ಲಿ, ಚೀನೀಯರಿಗೆ ಒಂದು ಕಡೆ, ಯುರೋಪಿನವರಿಗೆ ಒಂದು ಕಡೆ, ಭಾರತದಿಂದ ಬಂದವರಿಗೆ, ಅರಬರಿಗೆ, ಬುಗಿಸ್ ಜನಕ್ಕೆ ಒಂದೊಂದು ಕಡೆ ಅಂತ ಊರನ್ನೇ ಹಂಚಿಟ್ಟರು. ಅದೇ ಊರು 1989ರಲ್ಲಿ ತಿರುಗಿ ನಿಂತಿತು. ಅಲ್ಲಿ ಹತ್ತರಲ್ಲಿ ಸುಮಾರು ಎಂಟು ಜನ ಇರುವುದು ಸರ್ಕಾರಿ ವಸತಿ ಮಂಡಳಿ ಕಟ್ಟಿದ ಮನೆಗಳಲ್ಲಿ. ಒಂದು ಕಟ್ಟಡದಲ್ಲಿ, ಒಂದು ಬಡಾವಣೆಯಲ್ಲಿ ಯಾವ ಸಮುದಾಯದವರು ಎಷ್ಟರವರೆಗೆ ಇರಬಹುದು ಅಂತ ಮಿತಿ ಹಾಕಿದರು. ಹಾಗಾಗಿ ಒಂದೇ ಲಿಫ್ಟಿನಲ್ಲಿ ಎಲ್ಲರೂ ಹತ್ತಿ ಇಳಿಯುತ್ತಾರೆ, ಮಕ್ಕಳು ಒಟ್ಟಿಗೆ ಆಡುತ್ತಾರೆ. ಇದು ಸಣ್ಣ ವಿಷಯ ಅಲ್ಲ.

ಆದರೆ ಹೊರೆ ಯಾರ ಮೇಲೆ ಬಿತ್ತು ನೋಡಿ. ಮಿತಿ ತುಂಬಿದ ಕಟ್ಟಡದಲ್ಲಿ ಅಲ್ಪಸಂಖ್ಯಾತ ಮನೆಯವರು ಮನೆ ಮಾರಬೇಕಾದರೆ ತಮ್ಮ ಸಮುದಾಯದವರಿಗೇ ಮಾರಬೇಕಾಗಬಹುದು. ಕೊಳ್ಳುವವರು ಕಡಿಮೆ, ಬೆಲೆಯೂ ಇಳಿಯುತ್ತದೆ. ಈ ತೊಂದರೆಯನ್ನು ಸರ್ಕಾರವೇ ಒಪ್ಪಿಕೊಂಡು, ಹೀಗೆ ಸಿಕ್ಕಿಕೊಂಡವರ ಮನೆಯನ್ನು ತಾನೇ ಕೊಳ್ಳುವ ದಾರಿಯನ್ನು 2022ರಲ್ಲಿ ತೆರೆಯಿತು.

ಬೇರೆ ಬೇರೆಯಾಗಿ ಇಡುವುದು ಇದಕ್ಕಿಂತ ಒಳ್ಳೆಯದು ಎಂದು ಯಾರಾದರೂ ವಾದ ಮಾಡಿದರೆ ಅವರಿಗೆ ದಕ್ಷಿಣ ಆಫ್ರಿಕಾದ ಕೇಪ್‌ಟೌನಿನ ಡಿಸ್ಟ್ರಿಕ್ಟ್ ಸಿಕ್ಸ್ ಹೆಸರು ಹೇಳಿ. ಹಲವು ಬಣ್ಣದ, ಹಲವು ಧರ್ಮದ ಜನ ಬೆರೆತು ಬದುಕಿದ್ದ ಕೇರಿ ಅದು. 1966ರಲ್ಲಿ ಅದನ್ನು ಬಿಳಿಯರಿಗೆ ಮಾತ್ರ ಎಂದು ಘೋಷಿಸಿದರು. 60 ಸಾವಿರಕ್ಕೂ ಹೆಚ್ಚು ಜನರನ್ನು ಎಬ್ಬಿಸಿದರು, ಮನೆಗಳನ್ನು ಬುಲ್ಡೋಜರ್‌ನಿಂದ ಕೆಡವಿದರು. ಅದಕ್ಕೂ ಬೇಕಾದದ್ದು ಒಂದು ಕಾನೂನು, ಒಂದು ನಕ್ಷೆ. ಅಮೆರಿಕದಲ್ಲಿ 1930ರ ದಶಕದಲ್ಲಿ ಸರ್ಕಾರದ ಒಂದು ಸಂಸ್ಥೆ ಸಾಲದ ಅಪಾಯ ತೋರಿಸುವ ನಕ್ಷೆ ಮಾಡಿ, ಕಪ್ಪು ಜನ ಇದ್ದ ಕೇರಿಗಳಿಗೆ ಸಾಮಾನ್ಯವಾಗಿ ಕೆಂಪು ಬಣ್ಣ ಬಳಿಯಿತು. ಬಣ್ಣದ ಪೆನ್ಸಿಲ್ ನನ್ನ ಕೈಯಲ್ಲೂ ಇತ್ತು 30 ವರ್ಷ. ಈ ಎರಡು ನಕ್ಷೆಗಳನ್ನು ನೆನೆಸಿಕೊಂಡರೆ ಈಗಲೂ ಕೈ ತಡೆಯುತ್ತದೆ.

ನಾನು ಎರಡು ಪ್ರಶ್ನೆ ಇಟ್ಟುಕೊಂಡಿದ್ದೇನೆ. ಒಟ್ಟಿಗೆ ಇರುವುದು ಅವರೇ ಆರಿಸಿಕೊಂಡದ್ದಾ? ಬೇಕೆಂದಾಗ ಬೇರೆ ಕಡೆ ಹೋಗಲು ಅವರಿಗೆ ಬಾಗಿಲು ತೆರೆದಿದೆಯಾ? ಪರದೇಶದಿಂದ ಬಂದವರು ಮೊದಲ ಕೆಲವು ವರ್ಷ ತಮ್ಮ ಭಾಷೆಯವರ ಹತ್ತಿರ ಇದ್ದರೆ ಕೆಲಸ ಸಿಗುತ್ತದೆ, ಧೈರ್ಯ ಬರುತ್ತದೆ. ಅದನ್ನು ಒಡೆಯಬಾರದು. ಆದರೆ ಬೇರೆ ಕಡೆ ಬಾಡಿಗೆಗೆ ಮನೆ ಕೊಡುವುದಿಲ್ಲ ಎಂಬ ಕಾರಣಕ್ಕೆ ಒಂದೇ ಕಡೆ ಇದ್ದಾರೆ ಎಂದರೆ ಅದಕ್ಕೆ ಅವರ ಸಂಸ್ಕೃತಿ ಎಂದು ಹೆಸರಿಡಬಾರದು. ಅಲ್ಲಿ ಸರಿಮಾಡಬೇಕಾದದ್ದು ಮನೆ ಕೊಡದವರನ್ನು.

ಪ್ರಶ್ನೆ: ಹೊಸ ಪ್ರಾರ್ಥನಾ ಮಂದಿರಕ್ಕೆ ನಮ್ಮ ಬಡಾವಣೆಯವರು ಪಾರ್ಕಿಂಗ್ ಕಾರಣ ಹೇಳಿ ವಿರೋಧ ಮಾಡುತ್ತಿದ್ದಾರೆ. ನನಗೆ ಅದು ನಿಜವಾದ ಕಾರಣ ಅನ್ನಿಸುತ್ತಿಲ್ಲ.

ಉತ್ತರ: ಪರೀಕ್ಷೆ ಮಾಡುವ ದಾರಿ ಸುಲಭ. ಅಷ್ಟೇ ಜನ ಸೇರುವ ಸಿನಿಮಾ ಮಂದಿರವೋ ಕೋಚಿಂಗ್ ಸೆಂಟರೋ ಬಂದಿದ್ದರೆ ಇದೇ ಆಕ್ಷೇಪಣೆ ಬರುತ್ತಿತ್ತಾ ಅಂತ ಕೇಳಿ. ಬರುತ್ತಿತ್ತು ಎಂದಾದರೆ ಪಾರ್ಕಿಂಗ್ ಬಗ್ಗೆ ಕೂತು ಮಾತಾಡಿ, ಅದಕ್ಕೆ ಪರಿಹಾರ ಇದೆ. ಬರುತ್ತಿರಲಿಲ್ಲ ಎಂದಾದರೆ ಎಷ್ಟು ಕಾರು ನಿಲ್ಲಿಸುವ ಜಾಗ ತೋರಿಸಿದರೂ ಸಮಾಧಾನ ಆಗುವುದಿಲ್ಲ. ಇಂಥ ಜಗಳ ಜಾಸ್ತಿಯಾಗಿಯೇ ಅಮೆರಿಕದಲ್ಲಿ 2000ದಲ್ಲಿ ಒಂದು ಕಾನೂನು ಬಂತು. ಜನ ಸೇರುವ ಬೇರೆ ಜಾಗಗಳಿಗೆ ಒಂದು ನಿಯಮ, ಪ್ರಾರ್ಥನೆಯ ಜಾಗಕ್ಕೆ ಅದಕ್ಕಿಂತ ಬಿಗಿ ನಿಯಮ ಅಂತ ಸ್ಥಳೀಯ ಆಡಳಿತ ಮಾಡುವಂತಿಲ್ಲ ಎನ್ನುತ್ತದೆ ಅದು.

ಪ್ರಶ್ನೆ: ನನಗೆ ಕಣ್ಣು ಕಾಣುವುದಿಲ್ಲ. ವೀಲ್‌ಚೇರ್‌ಗೆ ಅಂತ ಫುಟ್‌ಪಾತ್ ಅಂಚನ್ನು ರಸ್ತೆಯ ಮಟ್ಟಕ್ಕೆ ಇಳಿಸಿದ್ದಾರೆ. ಈಗ ಎಲ್ಲಿ ಫುಟ್‌ಪಾತ್ ಮುಗಿದು ರಸ್ತೆ ಶುರುವಾಯಿತು ಅಂತ ಕೋಲಿಗೆ ತಿಳಿಯುವುದಿಲ್ಲ. ಒಬ್ಬರಿಗೆ ಒಳ್ಳೆಯದು ಮಾಡಿದರೆ ಇನ್ನೊಬ್ಬರಿಗೆ ತೊಂದರೆ ಅಲ್ವಾ?

ಉತ್ತರ: ಈ ಸಲ ಬಂದ ಪತ್ರಗಳಲ್ಲಿ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ನಿಮ್ಮದು.

ಇಂಗ್ಲೆಂಡಿನ ಸೆಲ್ವಿನ್ ಗೋಲ್ಡ್‌ಸ್ಮಿತ್ ಎಂಬ ವಾಸ್ತುಶಿಲ್ಪಿಗೆ ಪೋಲಿಯೋ ಆಗಿತ್ತು. 1960ರ ದಶಕದಲ್ಲಿ ಅವರು ನಾರಿಚ್ ನಗರದಲ್ಲಿ ವೀಲ್‌ಚೇರ್ ಬಳಸುವ 284 ಜನರನ್ನು ಮಾತಾಡಿಸಿದರು. ಅವರ ಕೆಲಸದಿಂದಲೇ ಅಲ್ಲಿ ಫುಟ್‌ಪಾತ್ ಅಂಚನ್ನು ಇಳಿಸುವುದು ಶುರುವಾಯಿತು. ಹೆಚ್ಚುಕಡಿಮೆ ಅದೇ ಹೊತ್ತಿಗೆ ಜಪಾನಿನಲ್ಲಿ ಸೈಇಚಿ ಮಿಯಾಕೆ ಎಂಬವರು ಕಾಲಿಗೆ, ಕೋಲಿಗೆ ತಿಳಿಯುವಂಥ ಉಬ್ಬುಚುಕ್ಕೆಗಳ ಹಾಸುಕಲ್ಲು ಮಾಡಿದರು. ಅದನ್ನು ಮೊದಲು ಹಾಕಿದ್ದು 1967ರ ಮಾರ್ಚ್‌ನಲ್ಲಿ, ಒಕಾಯಾಮಾ ನಗರದ ಅಂಧರ ಶಾಲೆಯ ಹತ್ತಿರದ ರಸ್ತೆಯಲ್ಲಿ. ಒಂದು ಅಂಚನ್ನು ಇಳಿಸಿತು, ಇನ್ನೊಂದು ಆ ಅಂಚು ಎಲ್ಲಿದೆ ಅಂತ ತಿಳಿಸಿತು. ಇಳಿಸಿದ ಜಾಗದಲ್ಲಿ ಉಬ್ಬು ಹಾಸು ಹಾಕುವುದು ಈಗ ಎಷ್ಟೋ ದೇಶಗಳಲ್ಲಿ ರೂಢಿ. ನಿಮ್ಮ ಬೀದಿಯಲ್ಲಿ ಮೊದಲನೆಯದನ್ನು ಮಾಡಿ ಎರಡನೆಯದನ್ನು ಬಿಟ್ಟಿದ್ದಾರೆ.

ವೀಲ್‌ಚೇರ್‌ನಲ್ಲಿ ಇರುವವರು ನಿಮ್ಮ ಎದುರಾಳಿ ಅಲ್ಲ. ನಿಮ್ಮಿಬ್ಬರನ್ನೂ ಒಂದೇ ದಿನ ಒಂದೇ ತಿರುವಿನಲ್ಲಿ ನಿಲ್ಲಿಸಿ ಕೇಳಿದ್ದರೆ ಈ ತಪ್ಪು ಆಗುತ್ತಿರಲಿಲ್ಲ. ಅವರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ ಇಬ್ಬರ ಹೆಸರಿನಲ್ಲೂ ಅರ್ಜಿ ಕೊಡಿ. ಉಬ್ಬು ಹಾಸು ಫುಟ್‌ಪಾತ್‌ನ ಪೂರ್ತಿ ಅಗಲಕ್ಕೂ ಇರಲಿ, ಅದರ ಬಣ್ಣ ಸುತ್ತಲಿನದಕ್ಕಿಂತ ಎದ್ದು ಕಾಣಲಿ ಎಂದು ಸ್ಪಷ್ಟವಾಗಿ ಬರೆಯಿರಿ. ಅರೆದೃಷ್ಟಿ ಇರುವವರಿಗೂ ಅದು ಬೇಕು.

ಪ್ರಶ್ನೆ: ಕರಡು ನಕ್ಷೆ ಬಗ್ಗೆ ಸಾರ್ವಜನಿಕ ಸಭೆ ಕರೆಯುತ್ತಾರೆ. ಅದೇ ಐದಾರು ಜನ ಮಾತಾಡುತ್ತಾರೆ, ಉಳಿದವರು ಸಹಿ ಹಾಕಿ ಬರುತ್ತೇವೆ. ಇದರಿಂದ ಏನು ಪ್ರಯೋಜನ?

ಉತ್ತರ: ಶೆರಿ ಆರ್ನ್‌ಸ್ಟೈನ್ ಎಂಬವರು 1969ರಲ್ಲಿ ಇದಕ್ಕೆ ಒಂದು ಏಣಿಯ ಚಿತ್ರ ಕೊಟ್ಟರು. ಎಂಟು ಮೆಟ್ಟಿಲು. ಕೆಳಗಿನ ಮೆಟ್ಟಿಲಲ್ಲಿ ಜನರನ್ನು ಒಪ್ಪಿಸುವ ನಾಟಕ. ಮಧ್ಯದಲ್ಲಿ ಮಾಹಿತಿ ಕೊಡುವುದು, ಅಭಿಪ್ರಾಯ ಕೇಳುವುದು. ಮೇಲಿನ ಮೆಟ್ಟಿಲುಗಳಲ್ಲಿ ಮಾತ್ರ ತೀರ್ಮಾನ ಮಾಡುವ ಶಕ್ತಿ ಜನರ ಕೈಗೆ ಬರುತ್ತದೆ. ನಿಮ್ಮ ಸಭೆ ಯಾವ ಮೆಟ್ಟಿಲಲ್ಲಿದೆ ಅಂತ ನಿಮಗೇ ಗೊತ್ತಾಯಿತಲ್ಲ.

ನಾನೂ ಅಂಥ ಸಭೆ ಎಷ್ಟೋ ನಡೆಸಿದ್ದೇನೆ. ಒಂದು ರಸ್ತೆ ಅಗಲ ಮಾಡುವ ಕೆಲಸ. ಸಂಜೆ ಆರಕ್ಕೆ ಸಭೆ, ಮುಂದೆ ಮೇಜು, ಮೈಕು, ಗೋಡೆಯ ಮೇಲೆ ನಕ್ಷೆ. ಹನ್ನೊಂದು ಜನ ಮಾತಾಡಿದರು, ಹನ್ನೊಂದೂ ಗಂಡಸರು. ಬಾಗಿಲಲ್ಲಿ ನಾಲ್ಕೈದು ಹೆಂಗಸರು ನಿಂತು ಕೇಳಿ, ಕತ್ತಲಾಗುತ್ತಿದ್ದಂತೆ ಹೊರಟುಹೋದರು. ನನಗೆ ಸಮಾಧಾನ ಆಗಲಿಲ್ಲ. ಮುಂದಿನ ವಾರ ಮಧ್ಯಾಹ್ನ ಮೂರಕ್ಕೆ ಮತ್ತೆ ಕರೆದೆವು. ಮೈಕು ಇಲ್ಲ, ಮೇಜು ಇಲ್ಲ. ನಕ್ಷೆಯನ್ನು ದೊಡ್ಡದಾಗಿ ಮಾಡಿ ನೆಲದ ಮೇಲೆ ಹಾಸಿದೆವು. ಓದು ಬಾರದವರಿಗೂ ತಿಳಿಯಲಿ ಅಂತ ಶಾಲೆ, ಆಸ್ಪತ್ರೆ, ಬಸ್ ಸ್ಟಾಪು ಎಲ್ಲದಕ್ಕೂ ಚಿತ್ರ ಬರೆದಿದ್ದೆವು. ಪ್ರತಿಯೊಬ್ಬರ ಕೈಗೂ ಐದು ಹರಳುಕಲ್ಲು ಕೊಟ್ಟು, ದಿನದಲ್ಲಿ ನೀವು ನಿಲ್ಲುವ ಜಾಗಗಳಲ್ಲಿ ಇಡಿ ಅಂದೆವು.

ಒಬ್ಬ ಅಜ್ಜಿ ನಕ್ಷೆಯ ಸುತ್ತ ಎರಡು ಸಲ ನಡೆದು, ಏನೂ ಇಲ್ಲದ ಜಾಗದಲ್ಲಿ ಒಂದು ಕಲ್ಲು ಇಟ್ಟರು. "ಇಲ್ಲಿ ಏನಿದೆ ಅಜ್ಜಿ?" ಅಂದೆ. "ಗೋಡೆ ಇದೆಯಮ್ಮ. ಆಸ್ಪತ್ರೆಗೆ ಹೋಗುವಾಗ ಅಲ್ಲಿ ಕೂತು ಉಸಿರು ಬಿಡ್ತೀನಿ" ಅಂದರು. ಮಂಡಿಯೆತ್ತರದ ಹಳೇ ಗೋಡೆ ಅದು, ನಮ್ಮ ನಕ್ಷೆಯಲ್ಲಿ ಇರಲಿಲ್ಲ. ಅವರ ಹಿಂದೆ ಇನ್ನೂ ಮೂವರು ಅದೇ ಜಾಗದಲ್ಲಿ ಕಲ್ಲು ಇಟ್ಟರು. ಅಗಲ ಮಾಡುವ ಗೆರೆ ಸರಿಯಾಗಿ ಆ ಗೋಡೆಯ ಮೇಲೇ ಹಾದುಹೋಗಿತ್ತು. ಗೆರೆಯನ್ನು ಸರಿಸಲು ಆಗಲಿಲ್ಲ, ಎದುರು ಬದಿಯಲ್ಲಿ ಶಾಲೆಯ ಕಟ್ಟಡವಿತ್ತು. ಆದರೆ ಹೊಸ ಫುಟ್‌ಪಾತ್‌ನಲ್ಲಿ ಅದೇ ಎತ್ತರಕ್ಕೆ, ಅದೇ ನೆರಳಿಗೆ ಕೂರುವ ಕಟ್ಟೆ ಕಟ್ಟಿಸಿದೆವು. ಹನ್ನೊಂದು ಭಾಷಣದಲ್ಲಿ ಆ ಗೋಡೆಯ ಮಾತು ಒಂದು ಸಲವೂ ಬಂದಿರಲಿಲ್ಲ.

ಹಾಗಾಗಿ ಸಭೆಗೆ ಹೋಗುವುದನ್ನು ಬಿಡಬೇಡಿ, ಆದರೆ ಸಭೆಯ ಹೊತ್ತು ಬದಲಾಯಿಸಲು ಕೇಳಿ. ಮಕ್ಕಳನ್ನು ನೋಡಿಕೊಳ್ಳಲು ಒಬ್ಬರನ್ನು ಇಡಲು ಕೇಳಿ. ನಕ್ಷೆಯನ್ನು ಊರಿನಲ್ಲಿ ಆಡುವ ಎಲ್ಲ ಭಾಷೆಗಳಲ್ಲೂ ವಿವರಿಸಲು ಕೇಳಿ. ಕೊನೆಗೆ, ನಾವು ಹೇಳಿದ್ದರಲ್ಲಿ ಯಾವುದನ್ನು ಒಪ್ಪಿದಿರಿ, ಯಾವುದನ್ನು ಬಿಟ್ಟಿರಿ, ಯಾಕೆ ಅಂತ ಬರಹದಲ್ಲಿ ಉತ್ತರ ಕೇಳಿ. ಈ ಕೊನೆಯದನ್ನು ಪಟ್ಟು ಹಿಡಿದು ಕೇಳಿ.

ಪ್ರಶ್ನೆ: ನಾನು ನಗರ ಯೋಜನೆ ಓದುತ್ತಿರುವ ವಿದ್ಯಾರ್ಥಿನಿ. ಇದನ್ನೆಲ್ಲ ಕಲಿಯಲು ಎಲ್ಲಿಂದ ಶುರುಮಾಡಲಿ?

ಉತ್ತರ: ಒಂದು ಜಾಗ ಆರಿಸಿಕೊಳ್ಳಮ್ಮ. ಬಸ್ ಸ್ಟಾಪು ಆಗಲಿ, ಚಿಕ್ಕ ಪಾರ್ಕಾಗಲಿ. ಬೆಳಕು ಹರಿಯುವಾಗ ಒಂದು ಸಲ, ನಡುಮಧ್ಯಾಹ್ನ ಒಂದು ಸಲ, ಕತ್ತಲಾದ ಮೇಲೆ ಜೊತೆಗೆ ಯಾರನ್ನಾದರೂ ಕರೆದುಕೊಂಡು ಒಂದು ಸಲ ಹೋಗಿ ಅರ್ಧರ್ಧ ಗಂಟೆ ಸುಮ್ನೆ ಕೂತಿರು. ಯಾರಿದ್ದಾರೆ, ಎಲ್ಲಿ ನಿಂತಿದ್ದಾರೆ, ಯಾವ ಕಡೆ ಮುಖ ಮಾಡಿದ್ದಾರೆ ಅಂತ ಬರೆದುಕೋ. ವಿಲಿಯಂ ವೈಟ್ ಎಂಬವರು 1970ರ ದಶಕದಲ್ಲಿ ನ್ಯೂಯಾರ್ಕ್‌ನ ಚೌಕಗಳಲ್ಲಿ ಕ್ಯಾಮೆರಾ ಇಟ್ಟು ಇದನ್ನೇ ಮಾಡಿದರು. ಕೂರಲು ಜಾಗ ಇರುವ ಕಡೆ ಜನ ಕೂರುತ್ತಾರೆ ಅನ್ನುವ ಸರಳ ವಿಷಯ ಅವರಿಗೆ ಹೀಗೆ ನೋಡಿ ನೋಡಿಯೇ ಗಟ್ಟಿಯಾಯಿತು. ಆಮೇಲೆ ಪುಟ ತಿರುಗಿಸಿ ಇನ್ನೊಂದು ಪಟ್ಟಿ ಮಾಡು: ಈ ಹೊತ್ತಿನಲ್ಲಿ ಇಲ್ಲಿ ಯಾರು ಇಲ್ಲ? ವಯಸ್ಸಾದವರಾ, ಹೆಣ್ಣುಮಕ್ಕಳಾ, ಕೂಲಿಯವರಾ? ಅವರಲ್ಲಿ ಒಬ್ಬರನ್ನಾದರೂ ಹುಡುಕಿ, ಯಾಕೆ ಬರುವುದಿಲ್ಲ ಅಂತ ಕೇಳು. ಉತ್ತರವನ್ನು ಅವರ ಮಾತಿನಲ್ಲೇ ಬರೆದುಕೋ, ನಿನ್ನ ಪುಸ್ತಕದ ಮಾತಿಗೆ ತಿರುಗಿಸಬೇಡ. ಬರೆದದ್ದನ್ನು ಪತ್ರಿಕೆಯ ವಿಳಾಸಕ್ಕೆ ನನ್ನ ಹೆಸರಿಗೆ ಕಳಿಸು, ಓದಿ ಉತ್ತರ ಬರೆಯುತ್ತೇನೆ.